ನನ್ನ ಹೆಸರಿನ ಖಾತೆ, ಉಪ್ಪನ ಸಹಿ

ಉಳಿತಾಯವು ಮನುಷ್ಯನನ್ನು ಸ್ವತಂತ್ರನನ್ನಾಗಿ ಮಾಡುತ್ತದೆ ಎಂದು ಹಿರಿಯರು ಹೇಳುತ್ತಾರೆ. ಯಾವ ಮನುಷ್ಯನನ್ನು ಎಂಬುದನ್ನು ಮಾತ್ರ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಆ ಭಾಗ್ಯ ನನ್ನ ಅಪ್ಪನದು, ಅಂದರೆ ಉಪ್ಪನದಾಗಿತ್ತು.

ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ, ನಾನಿನ್ನೂ ಎರಡನೇ ಕ್ಲಾಸಿನಲ್ಲಿದ್ದಾಗ, ಉಪ್ಪ ಬಹ್ರೈನಿನ ಮನಾಮಾದ ಒಂದು ಬ್ಯಾಂಕಿನಲ್ಲಿ ನನ್ನ ಹೆಸರಿಗೆ ಮಕ್ಕಳ ಖಾತೆ ತೆರೆದರು. ಹಣವನ್ನು ಯಾರು ಬೇಕಾದರೂ ಹಾಕಬಹುದು, ತೆಗೆಯಲು ಪೋಷಕರ ಸಹಿಯೇ ಆಗಬೇಕು. ಅಲ್ಲಿಯವರೆಗೆ ಪೆರ್ನಾಲ್ ಹಬ್ಬಕ್ಕೆ ಬಂಧುಗಳು ಕೊಟ್ಟ ಈದಿಯಾ ದುಡ್ಡು ಸಂಜೆಯೊಳಗೆ ಉಮ್ಮನ ಕೈ ಸೇರಿ, ಮರುದಿನ ಅದೇ ಬಂಧುಗಳ ಮಕ್ಕಳ ಕೈಗೆ ಹೋಗುತ್ತಿತ್ತು. ಇದರಲ್ಲಿ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ, ನೋಟಿಗಷ್ಟೇ ಪ್ರವಾಸ. ಆದ್ದರಿಂದ ನನ್ನ ಖಾತೆ ವಂಶದ ಇತಿಹಾಸದಲ್ಲೇ ಒಂದು ಕ್ರಾಂತಿ. ನೆಂಟರು ಬಂದಾಗಲೆಲ್ಲ ಉಪ್ಪ, "ಇವಳ ದುಡ್ಡು ಇವಳ ಹೆಸರಿನಲ್ಲೇ ಉಂಟು. ನಾನು ಮುಟ್ಟುವುದಿಲ್ಲ" ಎಂದು ಗಂಭೀರವಾಗಿ ಘೋಷಿಸುತ್ತಿದ್ದರು. ನನಗೂ ಮುಟ್ಟಲು ಬಿಡಲಿಲ್ಲ ಎಂಬುದು ಘೋಷಣೆಯ ಉಳಿದರ್ಧ.

ನಾವಿದ್ದದ್ದು ಮನಾಮಾದಿಂದಾಚೆಯ ರಿಫಾದಲ್ಲಿ. ಅಲ್ಲಿ ಕಾರು ಓಡಿಸಲು ಬಾರದ ಹೆಂಗಸು ಮನೆಯ ಸೋಫಾಕ್ಕೆ ಸಮಾನ. ಒಮ್ಮೆ ಉಮ್ಮನಿಗೆ ದವಡೆ ಊದಿಕೊಂಡಿತು. ಉಪ್ಪನಿಗೆ ಫೋನ್ ಮಾಡಿದರೆ, "ಅಂಗಡಿ ಮುಚ್ಚಿ ಬರ್ತೇನೆ. ಹಲ್ಲು ಎಲ್ಲಿಗಾದರೂ ಓಡಿ ಹೋಗ್ತದಾ?" ಎಂದರು. ಹಲ್ಲು ಓಡಲಿಲ್ಲ. ಉಮ್ಮ ಬಾಯಿಗೆ ದುಪಟ್ಟಾ ಒತ್ತಿಕೊಂಡು ಬಾಗಿಲ ಬಳಿ ಕುಳಿತೇ ಇದ್ದರು. ಹದಿನೆಂಟು ತುಂಬಿದ ಕೂಡಲೇ ಲೈಸೆನ್ಸ್ ಮಾಡಿಸಿಕೊಳ್ಳಬೇಕೆಂದು ನಾನು ಆಗ ತೀರ್ಮಾನಿಸಿದೆ.

ಹೈಸ್ಕೂಲಿಗೆ ಬಂದ ಮೇಲೆ ಆಸೆಯನ್ನು ಬಾಯಿಬಿಟ್ಟು ಹೇಳಿದೆ. ಉಪ್ಪ ನಕ್ಕರು.

"ಕಲಿಸುವವರಿಗೆ ಯಾರು ಕೊಡೋದು, ನಿನ್ನ ಅಜ್ಜನಾ?"

"ನನ್ನದೇ ಉಂಟಲ್ಲ, ಬ್ಯಾಂಕಿನಲ್ಲಿ."

"ಉಂಟು, ಉಂಟು" ಎಂದು ಉಪ್ಪ ಪೇಪರಿನ ಪುಟ ತಿರುಗಿಸಿದರು.

ಹದಿನೆಂಟನೇ ಹುಟ್ಟುಹಬ್ಬಕ್ಕೆ ಒಂದು ವಾರವಿತ್ತು. ಹುಡುಗಿಯರಿಗೆ ಕಾರು ಕಲಿಸುವ ಒಬ್ಬ ಬಹ್ರೈನಿ ಹೆಂಗಸು ನನಗೆ ಜಾಗ ಇಟ್ಟಿದ್ದಳು. ಆ ವರ್ಷದ ಈದಿಯಾ ಹಾಕಲು ಉಪ್ಪನ ಜೊತೆ ಬ್ಯಾಂಕಿಗೆ ಹೋದಾಗ ನನ್ನ ಸಂತೋಷ ತಡೆಯಲಾಗಲಿಲ್ಲ. ಕೌಂಟರಿನಲ್ಲಿದ್ದ ಹುಡುಗಿಯನ್ನು ಕೇಳಿಯೇಬಿಟ್ಟೆ: ಹದಿನೆಂಟಾದರೆ ಇದು ನನ್ನ ಕೈಗೇ ಬರುತ್ತದಲ್ಲವೇ?

"ಹೌದು ಹಬೀಬ್ತಿ, ಮಬ್ರೂಕ್! ಆಮೇಲೆ ನಿನ್ನ ಸಹಿ ಒಂದೇ ಸಾಕು" ಎಂದು ಅವಳು ಮುಖವರಳಿಸಿ ಅಭಿನಂದಿಸಿದಳು.

ಉಪ್ಪ ಪೆನ್ನನ್ನು ಕೆಳಗಿಟ್ಟರು. ಇಷ್ಟು ವರ್ಷ ಆ ನಿಯಮ ಅವರಿಗೆ ಗೊತ್ತೇ ಇರಲಿಲ್ಲ.

"ನನ್ನ ಸಹಿ ಬೇಡವಾ?"

"ಬೇಡ ಸರ್."

"ಇವತ್ತು?"

"ಇವತ್ತು ನಿಮ್ಮದೇ ಬೇಕು."

"ಹಾಗಾದರೆ ಇವತ್ತೇ ಮುಚ್ಚಿ."

ಅವಳು ನನ್ನ ಕಡೆ ನೋಡಿದಳು. ಉಪ್ಪ ಪೆನ್ನನ್ನು ಮತ್ತೆ ಕೈಗೆತ್ತಿಕೊಂಡು, ಮದುವೆಯ ಕರಾರಿಗೆ ಹಾಕುವಷ್ಟು ಚಂದದ ಸಹಿ ಹಾಕಿದರು. ನಂತರ ನನ್ನ ತಲೆ ಸವರಿ, "ಹೆಣ್ಣುಮಕ್ಕಳ ಹೆಸರಲ್ಲಿ ದುಡ್ಡಿದ್ದರೆ ತಲೆ ತಿರುಗ್ತದೆ ಮೋಳೆ. ನಿನ್ನ ಒಳ್ಳೇದಕ್ಕೇ" ಎಂದರು. ಆ ದನಿಯಲ್ಲಿ ಕೋಪದ ಸುಳಿವೂ ಇರಲಿಲ್ಲ. ದಾರಿಯಲ್ಲಿ ಜ್ಯೂಸ್ ಕೊಡಿಸಿದರು. ಮಾವಿನದ್ದು, ದೊಡ್ಡ ಲೋಟ.

ಮನೆಯಲ್ಲಿ ಉಮ್ಮನಿಗೆ ಎಲ್ಲ ಹೇಳಿ ಅತ್ತೆ. ಉಮ್ಮ ಮೀನು ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಅದನ್ನು ಅವರ ಎದುರೇ ಕೇಳಬೇಕಿತ್ತಾ? ನಾನು ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ನಿನಗೆ ಒಂದು ವಾರ ಮುಚ್ಚಿಕೊಂಡಿರಲು ಆಗಲಿಲ್ಲ."

ಉಮ್ಮನಿಗೆ ನಿಯಮ ಗೊತ್ತಿತ್ತು.

ಹಣ ಆರು ವರ್ಷದ ತಮ್ಮನ ಹೆಸರಿನ ಹೊಸ ಖಾತೆಗೆ ಹೋಯಿತು. ಕಾರು ಕಲಿಸುವ ಹೆಂಗಸು ನನ್ನ ಜಾಗವನ್ನು ಬೇರೊಬ್ಬ ಹುಡುಗಿಗೆ ಕೊಟ್ಟಳು.