ದಲ್ಲಾಳಿ ಬೀರಪ್ಪ ದುಡ್ಡಿನ ಇಂಗ್ಲಿಷ್ ಕಲಿತದ್ದು

ಕಡೂರಿನ ದನದ ಸಂತೆಯಲ್ಲಿ ದಲ್ಲಾಳಿ ಬೀರಪ್ಪನ ಬಾಯಿಂದ ಎತ್ತಿನ ಬೆಲೆ ಹೊರಬಿದ್ದದ್ದನ್ನು ಯಾರೂ ಕೇಳಿರಲಿಲ್ಲ. ಬೆಲೆಯನ್ನು ಬಾಯಲ್ಲಿ ಹೇಳುವುದೆಂದರೆ ಅವನಿಗೆ ನಡುಸಂತೆಯಲ್ಲಿ ಪಂಚೆ ಕಳಚಿ ನಿಂತ ಹಾಗೆ. ಟವೆಲ್ಲಿನ ಮರೆಯಲ್ಲಿ ಮಾರುವವರ ಬೆರಳು ಹಿಡಿದು ಅವರ ಬೆಲೆ ತಿಳಿಯಬೇಕು, ಕೊಳ್ಳುವವರ ಬೆರಳು ಹಿಡಿದು ಇವರದ್ದು ತಿಳಿಯಬೇಕು, ಆಮೇಲೆ ನಡುವೆ ಎಲ್ಲೋ ವ್ಯಾಪಾರ ಕುದುರಿಸಬೇಕು. ಒಬ್ಬರ ಬೆಲೆ ಇನ್ನೊಬ್ಬರ ಕಿವಿಗೆ ಬಿದ್ದರೆ ದಲ್ಲಾಳಿ ಯಾಕೆ ಬೇಕು?

ಟ್ರ್ಯಾಕ್ಟರು ಬಂದ ಮೇಲೆ ಅವನ ಕಸುಬು ಹೇಗೂ ಸೊರಗಿತ್ತು. ಈಗೀಗ ಎತ್ತು ಹುಡುಕಿಕೊಂಡು ಬರುವವರು ಎಣ್ಣೆಗಾಣ ಹಾಕುವ ಪೇಟೆಯ ಮಂದಿ. ಅವರನ್ನೆಲ್ಲ ಇಂಗ್ಲಿಷ್ ಬಲ್ಲ ಎಳೆಯ ದಲ್ಲಾಳಿ ಹೊನ್ನೇಶ್ ಎಗರಿಸಿಕೊಂಡು ಹೋಗುತ್ತಿದ್ದ. ಲಕ್ಕವಳ್ಳಿಯಲ್ಲಿ ಗಾಣ ಹಾಕಿರುವ ಪುಣೆಯ ಮೇಡಂ ಅವನ ಕೈಯಿಂದ ಒಂದು ಜೊತೆ ಕೊಂಡಿದ್ದರು. ಇನ್ನೂ ನಾಲ್ಕು ಜೊತೆ ಬೇಕಂತೆ ಎಂದು ಸುದ್ದಿಯಾಯಿತು. ಈ ಗಿರಾಕಿಯೂ ಕೈಬಿಟ್ಟರೆ ತಾನಿನ್ನು ಸಂತೆಗೆ ಹೋಗುವುದು ಮಂಡಕ್ಕಿ ತಿನ್ನುವುದಕ್ಕೆ ಮಾತ್ರ ಎಂದುಕೊಂಡ ಬೀರಪ್ಪ ತರೀಕೆರೆಯ ಬಸ್ಸು ಹತ್ತಿದ. ಅಲ್ಲಿ ಝೆರಾಕ್ಸ್ ಅಂಗಡಿಯ ಮಹಡಿಯಲ್ಲಿ ಶ್ರೀಜಾ ಎಂಬಾಕೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು.

“ಮೇಡಮ್ಮೋರೇ, ನಂಗೆ ಪೂರಾ ಇಂಗ್ಲಿಷ್ ಬ್ಯಾಡ. ದುಡ್ಡಿಂದಷ್ಟೇ ಸಾಕು.”

ಪೇ, ಅರ್ನ್, ಚಾರ್ಜ್, ಲೂಸ್ ಸಲೀಸಾಗಿ ಬಂದವು. ಲೆಂಡ್, ಬಾರೋ ಎಂಬಲ್ಲಿ ಗಾಡಿ ಹೂತಿತು.

“ಕೊಡೋದೂ ಸಾಲ, ಇಸ್ಕೊಳ್ಳೋದೂ ಸಾಲ. ಎರಡು ಮಾತು ಯಾಕವ್ವಾ?”

“ಕೊಟ್ಟೋರನ್ನ ಕೇಳಿ ಬೀರಪ್ಪನೋರೇ, ಯಾಕೆ ಅಂತ ಹೇಳ್ತಾರೆ.”

ಇಂಗ್ಲಿಷಿನಲ್ಲೇ ಅರ್ಜಿ ಗುಜರಾಯಿಸುವ ನಮ್ಮಂಥವರೂ ಅವೆರಡರ ಮಧ್ಯೆ ಒಂದು ಗಳಿಗೆ ನಿಂತೇ ಮುಂದೆ ಹೋಗುವುದು, ಬೀರಪ್ಪನ ತಪ್ಪೇನಿಲ್ಲ. ಅವನ ನಿಜವಾದ ಕಷ್ಟ ಬೇರೆ. ಬೆಲೆ ಬಂದ ಕೂಡಲೇ ದನಿ ಗಂಟಲಲ್ಲೇ ಇಂಗಿಹೋಗುತ್ತಿತ್ತು.

“ಗಟ್ಟಿಯಾಗಿ ಹೇಳಿ! ಗಿರಾಕಿ ಹೇಳಿದ್ದನ್ನ ನೀವೂ ತಿರುಗಿ ಹೇಳಿ. ಆಗ ತಪ್ಪಾಗಲ್ಲ” ಎಂದು ಶ್ರೀಜಾ ಗದರುತ್ತಿದ್ದಳು. ಕೊನೆಗೆ ಬೀರಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ: ಇಂಗ್ಲಿಷೂ ಒಂದು ಟವೆಲ್ಲೇ. ಸಂತೆಯಲ್ಲಿ ಯಾರಿಗೆ ತಿಳಿಯುತ್ತೆ?

ಮುಂದಿನ ಸಂತೆಗೆ ಅಜ್ಜಂಪುರದ ಹುಲಿಗೆಮ್ಮ ಒಂದು ಜೊತೆ ಎತ್ತು ತಂದಿದ್ದಳು. ಟವೆಲ್ಲಿನ ಕೆಳಗೆ ಒಂದು ಲಕ್ಷದ ಐದು ಸಾವಿರಕ್ಕೆ ಇಳಿದಿದ್ದಳು ಕೂಡ. ಪುಣೆಯ ಮೇಡಂ ಬಂದರು. ಪರಸ್ಥಳದ ಹೆಂಗಸಿನ ಕೈ ಹಿಡಿಯುವುದುಂಟೆ? ಬೀರಪ್ಪ ಎದೆಯುಬ್ಬಿಸಿ ಕೇಳಿದ:

“ಹೌ ಮಚ್ ಯು ಪೇ?”

“ಮ್ಯಾಕ್ಸಿಮಮ್ ಒನ್ ಟ್ವೆಂಟಿ” ಎಂದು ಮೇಡಂ ಮೆಲ್ಲಗೆ ಉಸುರಿದರು.

“ಯು ಪೇ ಒನ್ ಲ್ಯಾಕ್ ಟ್ವೆಂಟಿ ಥೌಸಂಡ್!” ಎಂದು ಬೀರಪ್ಪ ಪಾಠ ಒಪ್ಪಿಸಿದ. ಸಂತೆಗೆ ಸಂತೆಯೇ ತಿರುಗಿ ನೋಡಿತು.

“ಹಂಗಾದ್ರೆ ಒನ್ ಟ್ವೆಂಟಿಗೇ ಹಗ್ಗ ಬಿಡ್ತೀನಿ ಕಣಣ್ಣಾ” ಎಂದಳು ಹುಲಿಗೆಮ್ಮ. “ಲ್ಯಾಕು, ಥೌಸಂಡು ನಂಗೇನ್ ಹೊಸದಾ? ಲೋನ್ ಬೇಕಾ ಅಂತ ದಿನಾ ಫೋನಲ್ಲಿ ಅದನ್ನೇ ಬಡ್ಕೋತಾರೆ.”

“ಬೀರಣ್ಣಾ, ಈ ಪಾಠಕ್ಕೆ ಫೀಸ್ ಬೇರೆ ಕೊಟ್ಯಾ?” ಎಂದು ಹೊನ್ನೇಶ್ ಬಿದ್ದು ಬಿದ್ದು ನಕ್ಕ.

ಎಲ್ಲರೂ ನಗುತ್ತಿರುವುದೇಕೆಂದು ಮೇಡಂ ಕೇಳಿದರು. ಏನಾದರೂ ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಬೀರಪ್ಪನಿಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಸುಳ್ಳು ಹೇಳುವಷ್ಟು ಮಾತಿರಲಿಲ್ಲ.

“ಫಸ್ಟ್ ಶಿ ಸೇ ಒನ್ ಲ್ಯಾಕ್ ಫೈವ್. ಐ ಶೌಟ್. ಯು ಲೂಸ್. ಐ ನೋ ಚಾರ್ಜ್.”

ಮೇಡಂ ಹೊನ್ನೇಶನ ಕಡೆ ತಿರುಗಿ, ಅವತ್ತು ನೀನು ಕೊಡಿಸಿದ ಜೊತೆಗೆ ಮಾರಿದವರು ಕೇಳಿದ್ದು ಎಷ್ಟು ಎಂದರು. ಹೊನ್ನೇಶ್ ಕತ್ತು ಕೆರೆದುಕೊಂಡ, ಫೋನ್ ಬಂದವನಂತೆ ಆಚೆ ಸರಿದ. ಮೇಡಂ ಹುಲಿಗೆಮ್ಮನಿಗೆ ಒಪ್ಪಿದಷ್ಟೂ ಕೊಟ್ಟರು. ಬೇಡವೆಂದರೂ ಬೀರಪ್ಪನ ಜೇಬಿಗೆ ದಲ್ಲಾಳಿ ದುಡ್ಡು ತುರುಕಿದರು. ಉಳಿದ ಮೂರು ಜೊತೆಯನ್ನೂ ನೀವೇ ಕೊಡಿಸಿ, ಆದರೆ ಇದೇ ಥರ ಗಟ್ಟಿಯಾಗಿ, ಇಬ್ಬರ ಬೆಲೆಯನ್ನೂ ಹೇಳಬೇಕು ಎಂದು ಕರಾರು ಹಾಕಿದರು.

ಬೀರಪ್ಪನ ಮುಖ ಗೆದ್ದವನದ್ದೋ ದೋಚಿಸಿಕೊಂಡವನದ್ದೋ ತಿಳಿಯುವಂತಿರಲಿಲ್ಲ. “ಇನ್ನೂ ಮೂರು ಸಲ ಹಿಂಗೆ ಕೂಗ್ಬೇಕಂತೆ ಕಣಕ್ಕಾ” ಎಂದ, ಅಳುದನಿಯಲ್ಲಿ.

“ಕೂಗು, ನಾಚ್ಕೆ ಎಂಥದ್ದು?” ಎಂದಳು ಹುಲಿಗೆಮ್ಮ, ನೋಟಿನ ಕಂತೆಯನ್ನು ಸೊಂಟಕ್ಕೆ ಸಿಕ್ಕಿಸುತ್ತ. “ಮುಂದಿನ ವಾರ ನಮ್ ತಂಗಿ ಎತ್ತು ಹೊಡ್ಕೊಂಡು ಬತ್ತಾಳೆ. ಮೊದ್ಲು ಮೇಡಮ್ಮೋರ ಬೆಲೆ ಕೂಗು.”