ಸೇತುವೆ ದಾಟದ ತಕ್ಕಡಿ ಅಕ್ಕ

ಬೆಳಗಿನ ಐದೂವರೆ. ಪತ್ರಿಕಾ ಕಚೇರಿಯ ಪುಟ್ಟ ಕೋಣೆಯಲ್ಲಿ ತಕ್ಕಡಿ ಅಕ್ಕ ಮೊದಲು ಗೋಡೆಯ ಉಷ್ಣಮಾಪಕ ನೋಡುತ್ತಾರೆ: ಇಪ್ಪತ್ತೆರಡು ಡಿಗ್ರಿ. ಕಂಪ್ಯೂಟರ್ ಪರದೆಯ ಮೇಲೆ ಹೊತ್ತಿ ಉರಿಯುವ ಪಟ್ಟಣ, ಮೇಲಿಂದ ಜಡಿಮಳೆ. ಆಟದ ಸೈನಿಕನನ್ನು ಬಾವಿಕಟ್ಟೆಯಿಂದ ಓಡಿಸಿ, ಅಂಗಡಿಸಾಲು ಬಳಸಿ, ಸರಿಯಾಗಿ ಅರವತ್ತನೇ ಸೆಕೆಂಡಿಗೆ ಸೇತುವೆಯ ಬಾಯಲ್ಲಿ ನಿಲ್ಲಿಸುತ್ತಾರೆ. ಅಂಕಿ ಬರೆಯುತ್ತಾರೆ. ಮತ್ತೆ ಬಾವಿಕಟ್ಟೆ.

ಯಾವ ಗ್ರಾಫಿಕ್ಸ್ ಕಾರ್ಡ್ ಭಾರೀ ಆಟಗಳಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡಿಸುತ್ತದೆಂದು ಅಳೆದು ಹೋಲಿಸುವುದು ಇವರ ಕೆಲಸ; ಅದಕ್ಕೇ ಕಚೇರಿಯವರಿಗೆಲ್ಲ ಇವರು ತಕ್ಕಡಿ ಅಕ್ಕ. ದಿನಕ್ಕೆ ನಲವತ್ತು ಓಟ, ಹನ್ನೊಂದು ವರ್ಷ. ಓದುಗರಿಗೆ ಗೊತ್ತಿರುವುದು ವಿಮರ್ಶಕರ ಹೆಸರು ಮಾತ್ರ. ಮೊದಲ ಓಟ ಲೆಕ್ಕಕ್ಕಿಲ್ಲ ಅನ್ನುತ್ತಾರೆ ಅಕ್ಕ. "ಹಾಸಿಗೆಯಿಂದ ಎದ್ದವರನ್ನ ಹಾಗೇ ಓಡಿಸ್ತಾರಾ? ಕಾರ್ಡಿಗೂ ಮೈ ಬಿಸಿಯಾಗ್ಬೇಕು."

ಅತ್ತೆಯ ವರದಿಯೇ ಬೇರೆ: "ಕೋಳಿ ಕೂಗೋ ಮುಂಚೆ ಆಟ ಆಡೋಕೆ ಹೋಗ್ತಾಳೆ ನಮ್ಮ ಸೊಸೆ. ಅದಕ್ಕೆ ಸಂಬಳ ಬೇರೆ!"

ಕಳೆದ ತಿಂಗಳು ತಕ್ಕಡಿಯೇ ಕಟಕಟೆ ಹತ್ತಿತು. ಹೊಸ ಕಾರ್ಡೊಂದು ಆಟದೊಳಗೇ ಇರುವ, ತಾನಾಗಿ ಓಡುವ ಸಿದ್ಧ ಪರೀಕ್ಷೆಯಲ್ಲಿ ಸೆಕೆಂಡಿಗೆ ತೊಂಬತ್ತು ಚಿತ್ರ ತೋರಿಸಿತು. ಅಕ್ಕನ ಕೈ ಓಟದಲ್ಲಿ ಎಪ್ಪತ್ತೊಂದು. ಎರಡೂ ಅಚ್ಚಾದವು. "ನಿಮ್ಮವರಿಗೆ ಓಡಿಸೋಕೇ ಬರಲ್ಲ" ಎಂದಿತು ತಯಾರಕ ಕಂಪನಿ. ಸಂಪಾದಕರು ಒಂದೇ ದಿನದ ಗಡುವು ಕೊಟ್ಟರು: ಎಪ್ಪತ್ತೊಂದೇ ಸರಿ ಎಂದು ಸಾಬೀತಾಗದಿದ್ದರೆ ಕ್ಷಮಾಪಣೆ ಅಚ್ಚಾಗುತ್ತದೆ, ಕೈ ಓಟವೂ ನಿಲ್ಲುತ್ತದೆ.

ಕಂಪನಿಯ ಎಂಜಿನಿಯರ್ ಖುದ್ದಾಗಿ ಬಂದರು. ಅಂಕಿ ಕಾಣುವ ಮೂಲೆಗೆ ಕಾಗದ ಅಂಟಿಸಿ ಅಕ್ಕ ಮೂರು ಸಲ ಓಡಿಸಿದರು. ಪ್ರತಿ ಓಟದ ಕೊನೆಗೆ ಕಾಗದ ಎತ್ತಿದರೆ ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತು.

"ಈಗ ನೀವೇ ಓಡಿಸಿ ಸಾರ್."

ಎರಡು ಸಲ ಸೈನಿಕನನ್ನು ಗೋಡೆಗೆ ಗುದ್ದಿಸಿದ ಅವರು ಮೂರನೆಯದರಲ್ಲಿ ಸೇತುವೆ ಮುಟ್ಟಿದರು. ಎಪ್ಪತ್ತೊಂದು! ಆಮೇಲೆ ಅಕ್ಕ ಸಿದ್ಧ ಪರೀಕ್ಷೆ ಹಾಕಿ, ನಡುವೆ ನಿಲ್ಲಿಸಿ, ಬೀದಿಯಲ್ಲಿ ಮಳೆನೀರು ನಿಂತ ಹೊಂಡ ತೋರಿಸಿದರು.

"ಸಾರ್, ಈ ನೀರಲ್ಲಿ ಬೆಂಕಿಯ ಬಿಂಬ ಕಾಣ್ತಿದೆಯಾ?"

"ಇಲ್ವಲ್ಲ..."

"ನಾವು ಓಡುವಾಗ ಕಾಣುತ್ತೆ. ಪರೀಕ್ಷೆ ಅಂತ ವಾಸನೆ ಬಡಿದ್ರೆ ಸಾಕು, ನಿಮ್ಮ ಕಾರ್ಡು ಬಿಂಬ ಬಿಡಿಸೋ ಕಷ್ಟದ ಪ್ರಶ್ನೆ ಬಿಟ್ಟು ಓಡುತ್ತೆ. ಅದಕ್ಕೇ ತೊಂಬತ್ತು."

ಎಂಜಿನಿಯರ್ ಅಲ್ಲೇ ಫೋನ್ ತೆಗೆದು ಕಂಪನಿಗೆ ಹೇಳಿದರು: "ತಪ್ಪು ನಮ್ಮದೇ." ಬಾಗಿಲಲ್ಲಿ ಕಿವಿಯಾಗಿ ನಿಂತಿದ್ದ ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಕಂಪನಿ ತನ್ನ ಅಂಕಿಯನ್ನು ಎಪ್ಪತ್ತೊಂದಕ್ಕೆ ಇಳಿಸಿತು. ಈಗ ಪತ್ರಿಕೆಯಲ್ಲಿ ಕೈ ಓಟದ ಅಂಕಿಗಷ್ಟೇ ಜಾಗ; ಕೋಷ್ಟಕದ ಕೆಳಗೆ 'ಅಳೆದವರು: ತಕ್ಕಡಿ ಅಕ್ಕ' ಎಂಬ ಸಾಲು. ಅತ್ತೆ ಅದನ್ನು ಕತ್ತರಿಸಿ ಬೀರುವಿಗೆ ಅಂಟಿಸಿದ್ದಾರೆ.

ಇನ್ನೇನು ಆಸೆ ಅಂದರೆ ಅಕ್ಕ ನಗುತ್ತಾರೆ. "ಮೂರು ವರ್ಷದಿಂದ ಇದೇ ಆಟ. ಸೇತುವೆ ಆಚೆ ಏನಿದೆ ಅಂತ ಒಂದ್ಸಲ ನೋಡ್ಬೇಕು." ಕೈ ಮತ್ತೆ ಕೀಲಿಮಣೆಯ ಮೇಲಿದೆ. "ಇವತ್ತು ಬೇಡ. ಕಾರ್ಡು ಈಗಷ್ಟೇ ಬಿಸಿಯಾಗಿದೆ."

ಸೈನಿಕ ಬಾವಿಕಟ್ಟೆಯಿಂದ ಹೊರಡುತ್ತಾನೆ.