ಅಂಚಿನ ಮೇಲಿನ ಹೆಸರು

…ಮೂರು ಪದಕಗಳಿದ್ದವು ಎಂದೇ ಇಷ್ಟು ವರ್ಷ ಹೇಳುತ್ತ ಬಂದಿದ್ದೇನೆ. ನಾಲ್ಕಿದ್ದವೇನೋ. ನನ್ನ ನೋಟುಬುಕ್ಕಿನಲ್ಲಿ ಮೂರು ಎಂದಿದೆ, ಆದರೆ ಆ ದಿನದ ಮಟ್ಟಿಗೆ ನನ್ನ ಬರಹವನ್ನೂ ಪೂರ್ತಿ ನಂಬಲಾರೆ. ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ, ನೆನಪು ಮೊದಲು ಕೊನೆಯನ್ನು ಗೊತ್ತುಮಾಡಿಕೊಂಡು ಆಮೇಲೆ ಆರಂಭವನ್ನು ತಿದ್ದಿಕೊಳ್ಳುತ್ತದೆ ಎಂದು ಅವರ ಬಾಯಿ ಮುಚ್ಚಿಸುತ್ತಿದ್ದವನು ನಾನು. ಈಗ ನನ್ನದನ್ನು ಹೇಳುತ್ತಿದ್ದೇನೆ. ನೀವೂ ಹಾಗೆಯೇ ಅನ್ನಬಹುದು.

ಏಕೀಕರಣವಾದ ಮರುವರ್ಷ. ನಾನಾಗ ಗದಗಿನ ಒಂದು ಶಾಲೆಯಲ್ಲಿ ಮಾಸ್ತರ. ಭಾನುವಾರ ಬಂತೆಂದರೆ ಬೆಟಗೇರಿಗೆ ನಡೆದು ಮೌನೇಶಪ್ಪ ಪತ್ತಾರರ ಅಂಗಡಿಯಲ್ಲಿ ಕೂರುತ್ತಿದ್ದೆ. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲೆಂಡಿನ ರಾಜನ ಮುಖವಿದ್ದ ಬೆಳ್ಳಿ ಯಾರಿಗೂ ಬೇಡವಾಗಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆಯಿಂದ ಹಳೆಯ ಪದಕಗಳು ಅವರ ಕುಲುಮೆಗೆ ಬರುತ್ತಿದ್ದವು. ಮೊದಲನೆಯ ಮಹಾಯುದ್ಧಕ್ಕೆ ಇಲ್ಲಿಂದ ಇರಾಕಿನ ಬಸರಾಕ್ಕೆ ಹೋದವರ ಪದಕಗಳು. ಕರಗಿಸುವ ಮೊದಲು ಪತ್ತಾರರು ನನಗೆ ತೋರಿಸುತ್ತಿದ್ದರು. ನಾನು ನೋಡುತ್ತಿದ್ದದ್ದು ಅಂಚನ್ನು ಮಾತ್ರ. ಪ್ರತಿ ಪದಕದ ಅಂಚಿನಲ್ಲೂ ಸಿಪಾಯಿಯ ನಂಬರು, ಹೆಸರು, ಪಲ್ಟಣದ ಹೆಸರು ಇಂಗ್ಲಿಷಿನಲ್ಲಿ ಒತ್ತಿರುತ್ತಿದ್ದವು. ಹೆಸರಿದ್ದರೆ ಅದು ಒಬ್ಬ ಮನುಷ್ಯ. ಇಲ್ಲದಿದ್ದರೆ ತೂಕದ ಬೆಳ್ಳಿ. ಸಂಗ್ರಹಕಾರನ ಲೆಕ್ಕ ಇಷ್ಟೇ, ಆ ಲೆಕ್ಕದ ಬಗ್ಗೆ ನನಗೆ ಹೆಮ್ಮೆಯೂ ಇತ್ತು.

ನಮ್ಮ ಕಡೆಯ ಪದಕಗಳಲ್ಲಿ ಹೆಚ್ಚಿನವಕ್ಕೆ ಹೆಸರು ಉಳಿದಿರುತ್ತಿರಲಿಲ್ಲ. ಅವುಗಳ ಒಂದು ಬದಿಗೆ ರಾಜ, ಇನ್ನೊಂದು ಬದಿಗೆ ಕುದುರೆ ಏರಿದ ಒಬ್ಬ ಬೆತ್ತಲೆ ಸವಾರ. ಕುದುರೆ ಕಂಡದ್ದೇ ನಮ್ಮ ಹೆಣ್ಣುಮಕ್ಕಳು ಅದನ್ನು ಮೈಲಾರಲಿಂಗ ಎಂದು ತಿಳಿದು, ರಾಜನ ಮುಖವನ್ನು ಗೋಡೆಗೆ ತಿರುಗಿಸಿ, ದೇವರ ಜಗಲಿಯ ಮೇಲೆ ಮೂರ್ತಿಗಳ ಸಾಲಿಗೆ ಸೇರಿಸಿಬಿಟ್ಟಿದ್ದರು. ವಾರ ವಾರ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುವುದು, ಅರಿಶಿನದ ಭಂಡಾರ ಏರಿಸುವುದು. ಸತ್ತವನನ್ನು ಅಷ್ಟು ಪ್ರೀತಿಯಿಂದ ತೊಳೆದೂ ತೊಳೆದೂ ಅವನ ಹೆಸರನ್ನೇ ಅಳಿಸಿದ್ದರು.

ಆ ದಿನ ಬೆಳಿಗ್ಗೆ ನೋಡಿದ ಮೂರೂ ಅಂಥವೇ. ಭೂತಗನ್ನಡಿ ಹಿಡಿದು ಒಂದೊಂದನ್ನೂ ಸುತ್ತ ತಿರುಗಿಸಿದೆ. ‘ಮೂರರ ಅಂಚೂ ಸವೆದಿದೆ, ಬೇಡ’ ಎಂದು ಬರೆದುಕೊಂಡು, ಕರಗಿಸಲು ಹೇಳಿ ಚಹಾ ಕುಡಿಯಲು ಹೋದೆ.

ತಿರುಗಿ ಬಂದಾಗ ಕುಲುಮೆಯ ಇದ್ದಿಲು ಕೆಂಪಗಾಗಿತ್ತು, ಪದಕಗಳು ಇನ್ನೂ ಹೊರಗೇ ಇದ್ದವು. ಅದರ ಎದುರು ಡಂಬಳದ ಒಬ್ಬ ವಯಸ್ಸಾದ ಹೆಂಗಸು ಕುಳಿತಿದ್ದಳು. ಹೆಸರು ಗಂಗವ್ವ. ಆಕೆ ತವರಿಗೆ ಹೋದಾಗ ಮೈದುನನ ಮಗ ಜಗಲಿಯ ಪದಕವನ್ನು ಎತ್ತಿ ತಂದು ಮಾರಿದ್ದನಂತೆ. ಅವನು ಪಡೆದ ಹಣವನ್ನು ಸೆರಗಿನ ಗಂಟಿನಿಂದ ಬಿಚ್ಚಿ ಪತ್ತಾರರ ಮುಂದಿಟ್ಟಿದ್ದಳು. ಗಂಡ ಬಸರಾಕ್ಕೆ ಹೋದಾಗ ಆಕೆ ಇನ್ನೂ ಹೊಸ ಮದುವಣಗಿತ್ತಿ. ಹೆಣ ಬರಲಿಲ್ಲ, ಪದಕ ಬಂತು. ಅದೊಂದೇ. ಆದರೆ ಮೂರು ಪದಕಗಳೂ ಒಂದೇ ಥರ. ಆಕೆಯ ಕಣ್ಣೂ ಮಂಜಾಗಿತ್ತು. ಒಂದೊಂದನ್ನೂ ಅಂಗೈಯಲ್ಲಿಟ್ಟು ಹೆಬ್ಬೆರಳಿನಿಂದ ಸವರಿ ಕೆಳಗಿಡುತ್ತಿದ್ದಳು.

ಮೂರನ್ನೂ ಒಯ್ಯಿರಿ ಎಂದೆ. ತಲೆ ಅಲ್ಲಾಡಿಸಿದಳು.

“ಮಂದಿ ಗಂಡಗ ನಾ ಹೆಂಗ ಪೂಜಿ ಮಾಡ್ಲಿರಿ?”

“ಹಂಗಾರ ಹೆಸರ ಹೇಳಬೇ,” ಎಂದರು ಪತ್ತಾರರು. “ಒಂದ ಅಕ್ಷರ ಉಳದಿದ್ರೂ ಮಾಸ್ತರ ಹುಡುಕ್ತಾರ.”

“ನಲವತ್ತ ವರ್ಷ ಆಡದ ಹೆಸರು. ಈಗ ಆಡು ಅಂತೀಯೇನೋ ಪತ್ತಾರ?”

“ಒಡಪಿನ್ಯಾಗರ ಹೇಳು. ಮದಿವ್ಯಾಗ ಹೇಳಿರಬೇಕಲ್ಲ?”

ಆಕೆ ನಕ್ಕಳು. “ಒಡಪ ಹೇಳಿದ್ರ ಕೇಳಿ ನಗಾಕ ಎದುರಿಗೆ ಅವ್ರು ಬೇಕಲ್ಲೋ ತಮ್ಮಾ.”

ಬೇರೇನೂ ತೋಚದೆ ನಾನು ಭೂತಗನ್ನಡಿ ತೆಗೆದೆ. ಮೊದಲಿನೆರಡರಲ್ಲಿ ಏನೂ ಇರಲಿಲ್ಲ. ಮೂರನೆಯದನ್ನು ಬಾಗಿಲ ಬಿಸಿಲಿಗೆ ಹಿಡಿದಾಗ ಅಂಚಿನ ಮೇಲೆ ನಂಬರು ಕಂಡಿತು, ಅದರ ಮುಂದೆ ಹೆಸರು. ಮಸುಕೂ ಇಲ್ಲ, ಹೊಳಪೂ ಇಲ್ಲ. ಇಂಥ ನೂರಾರು ಅಂಚುಗಳನ್ನು ಓದಿದ್ದೇನೆ, ಹಾಗೆಯೇ ಇತ್ತು. ನೋಟುಬುಕ್ಕಿನಲ್ಲಿ ಗೀಚಿಕೊಂಡು ಗಟ್ಟಿಯಾಗಿ ಓದಿದೆ: ಸಿಪಾಯಿ ಬರಮಪ್ಪ.

ಗಂಗವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹಿರಿಯರು ಮನೆಯೊಳಗೆ ಬಂದಾಗ ಎಳೆದುಕೊಳ್ಳುವ ಹಾಗೆ, ಅಷ್ಟು ಸಹಜವಾಗಿ. ಅಳಲಿಲ್ಲ. ಎರಡೂ ಕೈ ಚಾಚಿದಳು. ನಾನು ಜೀವನದಲ್ಲಿ ಕಂಡ ಘನವಾದ ಸಂಗತಿಗಳಲ್ಲಿ ಆ ಚಾಚಿದ ಕೈಗಳು ಮೊದಲನೆಯವು.

ಸುತ್ತಿಕೊಡಲೆಂದು ಪತ್ತಾರರು ಪದಕವನ್ನು ತೆಗೆದುಕೊಂಡು, ತಮ್ಮ ಗಾಜನ್ನು ಕಣ್ಣಿಗೆ ಒತ್ತಿ ಬಹಳ ಹೊತ್ತು ನೋಡಿದರು. ಆಮೇಲೆ ಕೆಂಪು ಕಾಗದದಲ್ಲಿ ಸುತ್ತಿಕೊಟ್ಟು, “ಹುಷಾರಿಲೆ ಹೋಗಬೇ ಯವ್ವಾ” ಎಂದರು. ಆಕೆ ಬೀದಿಯ ತಿರುವು ದಾಟಿದ ಮೇಲೆ ನನ್ನ ಕಡೆ ತಿರುಗಿದರು.

“ಮಾಸ್ತರ, ಚಲೋ ಕೆಲಸ ಮಾಡಿದ್ರಿ. ಆದರ ಆ ಅಂಚಿನ ಮ್ಯಾಲ ಏನೂ ಇರಲಿಲ್ಲ.”

ನಾನು ಓದಿದೆ ಎಂದೆ. ಕನಿಕರದಿಂದ ಒಂದು ಹೆಸರು ಕಟ್ಟಿ ಹೇಳಿದೆನೆಂದೇ ಅವರು ತಿಳಿದರು. ಕೊನೆಯವರೆಗೂ ಹಾಗೆಯೇ ತಿಳಿದಿದ್ದರು, ಅದಕ್ಕಾಗಿ ನನ್ನ ಮೇಲೆ ಅವರಿಗೆ ಗೌರವ ಹೆಚ್ಚಾಯಿತು. ನನಗೆ ಸಲ್ಲದ ಗೌರವ.

ಮುಂದಿನ ವರ್ಷ ಡಂಬಳಕ್ಕೆ ಹೋದೆ. ಕೆರೆಯ ದಂಡೆಯಲ್ಲಿ ಕುಳಿತಿದ್ದ ಮುದುಕರೊಬ್ಬರನ್ನು ಗಂಗವ್ವನ ಗಂಡನ ಹೆಸರೇನೆಂದು ಕೇಳಿದೆ. ಬರಮಪ್ಪ ಎಂದರು. ಆ ಹೆಸರನ್ನು ನಾನು ಮೊದಲೇ ಎಲ್ಲೋ ಕೇಳಿ ಮರೆತಿದ್ದೆನೇ? ಇರಬಹುದು. ಹಾಗಾದರೆ ನಂಬರು ಎಲ್ಲಿಂದ ಬಂತು? ನೋಟುಬುಕ್ಕಿನ ಒಂದೇ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ, ಮೇಲೆ ‘ಸವೆದಿದೆ’ ಎಂದಿದೆ, ಕೆಳಗೆ ಆ ನಂಬರಿದೆ.

ಗಂಗವ್ವ ಮಂಡಕ್ಕಿ ಕೊಟ್ಟು ಕೂರಿಸಿದಳು. ಜಗಲಿಯ ಮೇಲೆ ಸವಾರ ಭಂಡಾರದಲ್ಲಿ ಮುಳುಗಿದ್ದ. ನೋಡಬೇಕೇನ್ರಿ ಎಂದು ಆಕೆಯೇ ಪದಕವನ್ನು ಒರೆಸಿ ನನ್ನ ಕೈಗೆ ಕೊಟ್ಟಳು. ಜೇಬಿನಲ್ಲಿ ಭೂತಗನ್ನಡಿ ಇತ್ತು. ನಾನು ತೆಗೆಯಲಿಲ್ಲ. ಸವಾರನನ್ನು ನೋಡಿ, ಅಂಚನ್ನು ನೋಡದೆ ತಿರುಗಿ ಕೊಟ್ಟೆ. ಅದು ಗೌರವವೋ ಅಂಜಿಕೆಯೋ ಹೇಳಲಾರೆ. ಆ ಅಂಚಿನ ಮೇಲೆ ಅಕ್ಷರಗಳಿದ್ದವೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.